ನಾಲ್ಕರ ಲೆಕ್ಕ: ದುರ್ಗದ ಸೀಮೆಯಲ್ಲಿ ಎಳೆಯರ ಎಣಿಕೆಯ ಪಾಠ

ಹಳೆಯ ಊರಶಾಲೆಯಾದ ಕೂಲಿಮಠ ಎಂದೊಡನೆ ಮಗ್ಗಿಯ ಬಾಯಿಪಾಠ, ಬೆತ್ತದ ಏಟು ಕಣ್ಣಮುಂದೆ ಬರುತ್ತವೆ. ಎಳೆಯರಿಗೆ ಎಣಿಕೆ ಕಲಿಸಿದ ಬಗೆಯನ್ನು ಅರಿಯಲು ಇಷ್ಟು ಸಾಲದು. ಚಿತ್ರದುರ್ಗದ ಸೀಮೆಯ ಭರಮಸಾಗರ ಮೈಸೂರು ಸಂಸ್ಥಾನದಲ್ಲಿದ್ದ ಊರು. ಆದರೂ ಈ ಸೀಮೆಯ ಹಳೆಯ ಪಾಠಕ್ರಮಕ್ಕೆ ಹತ್ತಿರದ, ಗಟ್ಟಿಯಾದ ಆಧಾರ ಸಿಗುವುದು ಮದ್ರಾಸಿನ ಆಳ್ವಿಕೆಯಲ್ಲಿದ್ದ ನೆರೆಯ ಬಳ್ಳಾರಿಯಲ್ಲಿ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶಿ ಶಾಲೆಗಳ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ಅವನ ಲೆಕ್ಕದಂತೆ ಜಿಲ್ಲೆಯಲ್ಲಿದ್ದ ಶಾಲೆಗಳು 533, ಮಕ್ಕಳು 6,641. ಕನ್ನಡ ಶಾಲೆಗಳೇ 235.

ಆ ವರದಿಯಲ್ಲಿ ನನ್ನನ್ನು ಬಹುವಾಗಿ ಹಿಡಿದು ನಿಲ್ಲಿಸಿದ್ದು ಬೆಳಗಿನ ಹಾಜರಿಯ ವಿವರ. ಆರು ಗಂಟೆಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಒಂದೊಂದೇ ಹೆಚ್ಚುತ್ತ ಹೋಗುತ್ತಿತ್ತು. ಏಟನ್ನು ಸಮರ್ಥಿಸಲಾಗದು. ಆದರೆ ಸಾಲಿನಲ್ಲಿ ತಾನು ಎಷ್ಟನೆಯವನು, ಸೊನ್ನೆಯಿಂದ ಎಷ್ಟು ದೂರ ಎಂಬುದು ಮಗುವಿಗೆ ದಿನವೂ ತಿಳಿಯುತ್ತಿತ್ತು ಎಂಬುದನ್ನೂ ಗಮನಿಸಬೇಕು.

ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತವರು ಮುಂದೆ ಹಲಗೆ, ಕಡತ, ಓಲೆಗಳಿಗೆ ದಾಟುತ್ತಿದ್ದರು. ಅಂಕಿಗಳ ಬೆನ್ನಿಗೇ ಕೂಡುವ ಮಗ್ಗಿ, ನೂರರವರೆಗೆ ಎಣಿಕೆ, ಆಮೇಲೆ ಹಣದ ಕೂಡುವ ಕಳೆಯುವ ಲೆಕ್ಕ. ಹೆಚ್ಚು ಶ್ರಮ ಬೀಳುತ್ತಿದ್ದುದು ಭಿನ್ನರಾಶಿಗೆ. ಅದು ಹತ್ತರಿಂದಲ್ಲ, ನಾಲ್ಕರಿಂದ ಇಳಿಯುತ್ತಿತ್ತು: ಕಾಲು, ಅದರ ಕಾಲು ಭಾಗ ವೀಸ, ವೀಸದ ಕಾಲು ಭಾಗ ಕಾಣಿ, ಅಂದರೆ ಒಂದರ ಅರವತ್ತನಾಲ್ಕನೆಯ ಪಾಲು. ದಿನಕ್ಕೆರಡು ಬಾರಿ ಮಕ್ಕಳು ಸಾಲಾಗಿ ನಿಂತು, ಮುಂದಾಳು ಹುಡುಗನೊಬ್ಬ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವ ಈ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ತಕ್ಕುದೇ ಎಂದು ಕ್ಯಾಂಪ್‌ಬೆಲ್ ಒಪ್ಪಿಕೊಂಡಿದ್ದಾನೆ. ಮದ್ರಾಸಿನಲ್ಲಿ ಇದನ್ನು ಪ್ರಯೋಗಿಸಿ ಇಂಗ್ಲೆಂಡಿಗೆ ಒಯ್ದವನು ಆಂಡ್ರೂ ಬೆಲ್.

ಬಾಯಿಪಾಠವೆಂದು ಇದನ್ನೆಲ್ಲ ತಳ್ಳಿಹಾಕುವುದು ಅನ್ಯಾಯ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಎಂಬ ವ್ಯವಹಾರದಲ್ಲಿ ಬೆಳೆದ ಮಗುವಿಗೆ ಶಾಲೆಯ ಲೆಕ್ಕವೂ ಅಂಗಡಿಯ ಲೆಕ್ಕವೂ ಒಂದೇ ಆಗಿದ್ದವು. ಮನೆಯ ಜಗಲಿಯ ಅಳಗುಳಿ ಮಣೆಯಲ್ಲೂ ಅದೇ: ಗುಳಿಯಲ್ಲಿ ನಾಲ್ಕು ಹುಣಸೆ ಬೀಜ ಕೂಡಿದರೆ ಎತ್ತಿಕೊಳ್ಳುವ ಆಟದಲ್ಲಿ, ಎಣಿಸದೆ ಕಂಡೊಡನೆ ನಾಲ್ಕನ್ನು ಗುರುತಿಸುವ ಕಣ್ಣು ಪಳಗುತ್ತಿತ್ತು.

ಮೈಸೂರಿನಲ್ಲಿ 1868ರಿಂದ ಶಿಕ್ಷಣ ಇಲಾಖೆಯ ಬಿ.ಎಲ್. ರೈಸರ ಯೋಜನೆಯಂತೆ ಹೋಬಳಿ ಶಾಲೆಗಳು ಬಂದವು. ಆದರೂ ನಾಲ್ಕರ ಲೆಕ್ಕದ ಬೇರು ಸಡಿಲಿದ್ದು ನಯಾಪೈಸೆ ಚಲಾವಣೆಗೆ ಬಂದ 1957ರ ಏಪ್ರಿಲ್ 1ರಿಂದ. ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಕ್ರಮೇಣ ಮರೆಯಾದವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ಒಬ್ಬರಿಂದೊಬ್ಬರು ಕಲಿಯುವ ಅದರ ರೀತಿಯಲ್ಲಿ ಕೂಲಿಮಠದ ಒಳ್ಳೆಯ ಪಾಲು, ಬೆತ್ತವಿಲ್ಲದೆ, ಮರಳಿದೆ. ಎಣಿಕೆ ಮಾತ್ರ ಹತ್ತರ ಕಟ್ಟುಗಳ ಮೇಲೆ ನಿಂತು, ಕಾಲು ಮುಕ್ಕಾಲು ಮುಂದಿನ ತರಗತಿಗಳ ಪಾಲಾಗಿದೆ. ಕಾಲು ಕೆ.ಜಿ. ಬೇಳೆ, ಅರ್ಧ ಲೀಟರ್ ಹಾಲು ಎಂಬ ಮಾತು ಕೇಳುತ್ತಲೇ ಒಂದನೇ ತರಗತಿಗೆ ಬರುವ ಭರಮಸಾಗರದ ಮಗುವಿಗೆ ಅಷ್ಟು ಕಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ.