ಪೂರ್ವಭಾರದ ಒತ್ತಡಸ್ಥಿತಿಯ ವರ್ಗಾವಣೆ

ರಚನೆಯನ್ನು ಚಿಕ್ಕ ತುಂಡುಗಳ (ಎಲಿಮೆಂಟ್) ಜಾಲರಿಯಾಗಿ ವಿಂಗಡಿಸಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ, ಮೊದಲೇ ಭಾರ ಹೊತ್ತಿರುವ ರಚನೆಯ ಒಳಒತ್ತಡವನ್ನು ಒಂದು ಲೆಕ್ಕಾಚಾರದಲ್ಲಿ ಕಂಡುಕೊಂಡು, ಅದನ್ನೇ ಮುಂದಿನ ಲೆಕ್ಕಾಚಾರದ ಆರಂಭಸ್ಥಿತಿಯಾಗಿ ಕೊಡುವ ಕ್ರಮ. ಅಣೆಕಟ್ಟು, ಸುರಂಗ, ಬಿಗಿದ ಬೋಲ್ಟು, ಪ್ರಿಸ್ಟ್ರೆಸ್ಡ್ ತೊಲೆ ಮುಂತಾದವುಗಳ ವಿಶ್ಲೇಷಣೆಗೆ ಇದು ಬೇಕಾಗುತ್ತದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನವರೆಗೂ ಹಿನ್ನೀರು ಚಾಚಿರುವ ತುಂಗಭದ್ರಾ ಅಣೆಕಟ್ಟು ಇದಕ್ಕೆ ಒಳ್ಳೆಯ ನಿದರ್ಶನ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರ ಹೊತ್ತಿಗೆ ಪೂರ್ಣಗೊಂಡ ಈ ಕಲ್ಲುಕಟ್ಟಡದ ಎತ್ತರ ಸುಮಾರು 49 ಮೀಟರ್. ಕಟ್ಟಡದ ತೂಕ ಘನಮೀಟರಿಗೆ 2.3 ಟನ್ ಎಂದಿಟ್ಟುಕೊಂಡರೆ, ಅಷ್ಟೆತ್ತರದ ನೇರ ಕಂಬದ ಬುಡದ ಮೇಲೆ ಚದರಮೀಟರಿಗೆ ಸುಮಾರು 113 ಟನ್ನಿನಷ್ಟು ಭಾರ ಬೀಳುತ್ತದೆ. ನೀರಿನ ನೂಕು ಇದರ ಜೊತೆಗೆ ಸೇರುತ್ತದೆ. ಭೂಕಂಪವೋ ನೆರೆಯೋ ಬಂದು ತಟ್ಟುವುದು ಈ ಭಾರಗಳನ್ನು ಹೊತ್ತು ನಿಂತ ಕಟ್ಟೆಗೆ. ಬರಿದಾದ, ತೂಕವಿಲ್ಲದ ಕಟ್ಟೆಗಲ್ಲ.

2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಇಂಥ ಗೇಟು ಮುಚ್ಚಿದ್ದು, ನೀರು ಅದರ ಅಂಚಿನವರೆಗೆ ನಿಂತಿದ್ದರೆ ಅದರ ಮೇಲೆ ಸುಮಾರು 340 ಟನ್ ನೂಕು ಬೀಳುತ್ತದೆ. ಇಂಥ ಅವಘಡವನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುವವರು ಮೊದಲು ಗೇಟು, ಸರಪಳಿ, ಗೇಟುಗಳ ನಡುವಿನ ಕಂಬಗಳನ್ನು (ಪಿಯರ್) ಭಾರದಡಿ ಸಮತೋಲಕ್ಕೆ ತಂದು, ಆ ಸ್ಥಿತಿಯಿಂದಲೇ ಸರಪಳಿಯ ಎಲಿಮೆಂಟನ್ನು ತೆಗೆಯಬೇಕು.

ವರ್ಗಾವಣೆ ಸಮಯವನ್ನೂ ಉಳಿಸುತ್ತದೆ. ಕಾಲವನ್ನು ಪುಟ್ಟ ಹೆಜ್ಜೆಗಳಲ್ಲಿ ದಾಟುವ ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ ಒಂದೊಂದು ಹೆಜ್ಜೆಯೂ ಒಂದು ಮಿಲಿಸೆಕೆಂಡಿಗಿಂತ ಚಿಕ್ಕದಾಗಿರಬಹುದು. ಪ್ರತಿ ಪ್ರಕರಣಕ್ಕೂ ಸ್ವಂತ ತೂಕವನ್ನು ನಿಧಾನವಾಗಿ ಏರಿಸುತ್ತ ಕುಳಿತರೆ ಸಾವಿರಾರು ಹೆಜ್ಜೆಗಳು ವ್ಯರ್ಥ. ಸ್ಥಿರಭಾರದ ಲೆಕ್ಕವನ್ನು, ಸಮತೋಲದ ಸಮೀಕರಣಗಳನ್ನು ನೇರವಾಗಿ ಬಿಡಿಸುವ ಇಂಪ್ಲಿಸಿಟ್ ವಿಧಾನದಲ್ಲಿ ಒಮ್ಮೆ ಮಾಡಿ ಉಳಿಸಿಕೊಂಡರೆ, ಹತ್ತಾರು ಭೂಕಂಪ ದಾಖಲೆಗಳ ಲೆಕ್ಕಗಳನ್ನು ಅದರಿಂದಲೇ ಆರಂಭಿಸಬಹುದು. ವಿಶ್ಲೇಷಣಾ ತಂತ್ರಾಂಶಗಳಾದ ಅಬಾಕಸ್‌ನಲ್ಲಿ ರೀಸ್ಟಾರ್ಟ್ ಮತ್ತು ಇಂಪೋರ್ಟ್, ಆನ್ಸಿಸ್‌ನಲ್ಲಿ ಇನಿಸ್ಟೇಟ್, ಎಲ್‌ಎಸ್-ಡೈನಾದಲ್ಲಿ ಡೈನೇನ್ ಕಡತ ಇದಕ್ಕೆಂದೇ ಇವೆ. 1967ರ ಡಿಸೆಂಬರ್ 11ರ ಭೂಕಂಪದಲ್ಲಿ ಬಿರುಕುಬಿಟ್ಟ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು ಈ ಬಗೆಯ ವಿಶ್ಲೇಷಣೆಗೆ ಜಗತ್ತಿನೆಲ್ಲೆಡೆ ಮಾದರಿ ಸಮಸ್ಯೆಯಾಗಿದೆ: ಮೊದಲು ತೂಕ ಮತ್ತು ನೀರು, ಆಮೇಲೆ ಕಂಪನ.

ಒತ್ತಡದ ಅಂಕಿಗಳನ್ನಷ್ಟೇ ಸಾಗಿಸಿದರೆ ಸಾಲದು. ಆ ಒತ್ತಡವನ್ನು ಹುಟ್ಟಿಸಿದ ತೂಕ ಮತ್ತು ನೀರಿನ ಭಾರ ಹೊಸ ಲೆಕ್ಕದಲ್ಲೂ ಮುಂದುವರಿಯಬೇಕು. ಇಲ್ಲದಿದ್ದರೆ ಕಟ್ಟೆ ಮೊದಲ ಕ್ಷಣದಲ್ಲೇ ಮೇಲಕ್ಕೆ ಚಿಮ್ಮುತ್ತದೆ. ಬಿರುಕಿನ ಹಾನಿ, ಶಾಶ್ವತ ವಿರೂಪ, ಸಂಪರ್ಕಸ್ಥಿತಿ ಇವೂ ಜೊತೆಗೆ ಬರಬೇಕು. ತಳದ ಬಿಗಿ ಆಧಾರವನ್ನು ತೆಗೆದು ಅಲೆ ಹೀರುವ ಅಂಚನ್ನು ಇಡುವುದಾದರೆ, ಹಳೆಯ ಆಧಾರದ ಪ್ರತಿಬಲಗಳನ್ನು ಭಾರವಾಗಿ ಹಾಕಬೇಕು. ಇಲ್ಲಿ ಎಡವುವುದು ಸುಲಭ. ಎರಡು ಲೆಕ್ಕಗಳ ಜಾಲರಿ ಬೇರೆಯಾಗಿದ್ದರೆ ಒತ್ತಡವನ್ನು ಅಂದಾಜಿಸಿ ಹಂಚಬೇಕಾಗುತ್ತದೆ. ಇದರಿಂದ ಸಮತೋಲ ತುಸು ಕೆಡುವುದರಿಂದ ಸರಿಪಡಿಸುವ ಒಂದು ಹಂತ ಅಗತ್ಯ. ಸಾಧ್ಯವಿದ್ದಲ್ಲೆಲ್ಲ ಒಂದೇ ಜಾಲರಿಯನ್ನು ಬಳಸುವುದೇ ಮೇಲು.

ವಸ್ತು ಪೂರ್ತಿ ರೇಖೀಯವಾಗಿದ್ದು, ವಿರೂಪ ಚಿಕ್ಕದಾಗಿದ್ದು, ಸಂಪರ್ಕಸ್ಥಿತಿಯೂ ಬದಲಾಗದಿದ್ದರೆ ವರ್ಗಾವಣೆಯೇ ಬೇಡ, ಎರಡು ಫಲಿತಾಂಶಗಳನ್ನು ಕೂಡಿದರೆ ಸಾಕು.

ವರ್ಗಾವಣೆ ಸರಿಯಾಗಿದೆಯೇ ಎಂಬ ಪರೀಕ್ಷೆ ಸರಳ: ಹೊಸ ಭಾರವೇನನ್ನೂ ಹಾಕದೆ ಎರಡನೆಯ ಲೆಕ್ಕವನ್ನು ಓಡಿಸಬೇಕು. ಕಟ್ಟೆ ಗಮನಾರ್ಹವಾಗಿ ಕದಲಿದರೆ ವರ್ಗಾವಣೆ ತಪ್ಪಾಗಿದೆ, ಅದರ ಮೇಲಿನ ಫಲಿತಾಂಶಗಳನ್ನು ಬಳಸುವಂತಿಲ್ಲ.