ಆಳವಿಲ್ಲದ ನೀರು, ದೂರದ ಬಾಗಿಲು: ದಮ್ಮಾಮಿನಿಂದ ಕಂಡ ಕಡಲಬಲ

ಕಡಲಬಲವನ್ನು ಕುರಿತ ಆಧುನಿಕ ಚಿಂತನೆಗೆ ಅಡಿಪಾಯ ಹಾಕಿದವನು ಅಮೆರಿಕದ ನೌಕಾಧಿಕಾರಿ ಆಲ್ಫ್ರೆಡ್ ಮಹ್ಯಾನ್. 1890ರಲ್ಲಿ ಪ್ರಕಟವಾದ ಅವನ ಗ್ರಂಥದ ಸಾರವನ್ನು ಹೀಗೆ ಹಿಡಿದಿಡಬಹುದು: ಯುದ್ಧನೌಕೆ, ವ್ಯಾಪಾರಿ ಹಡಗು, ದೂರದ ನೌಕಾನೆಲೆ ಯಾರಲ್ಲಿವೆಯೋ ಕಡಲು ಅವರದು. ಈ ಅಳತೆಗೋಲನ್ನು ಅವನು ಮುಖ್ಯವಾಗಿ ಬ್ರಿಟನ್ನಿನ ಚರಿತ್ರೆಯಿಂದ ತೆಗೆದ. ಸೌದಿ ಅರೇಬಿಯಾದ ಪೂರ್ವ ತೀರದ ದಮ್ಮಾಮ್‌ಗೆ ಹಿಡಿದರೆ ಅದು ಹೊಂದುವುದಿಲ್ಲ. ಅಲ್ಲಿ ಕಡಲ ಒಡೆತನ ತೀರದವರ ಕೈಗೆ ಬಂದದ್ದು ಅಪರೂಪ. ಅವರು ತಮ್ಮ ರಕ್ಷಣೆಯ ದಾರಿಯನ್ನು ಬಹುಮಟ್ಟಿಗೆ ನೆಲದ ಮೇಲೆಯೇ ಕಂಡುಕೊಂಡರು. ಕೊಲ್ಲಿಯ ತೈಲ ಬಂದಿಳಿಯುವ ನಮ್ಮ ಕರಾವಳಿಗೂ ಈ ಮಾತು ಸಲ್ಲುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲು ಭೂಗೋಳ. ಪರ್ಷಿಯನ್ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ, ಅರಬ್ ದಡದ ಕಡೆಗೆ ಅದು ಇನ್ನೂ ಕಡಿಮೆ. ದೊಡ್ಡ ಹಡಗು ದಮ್ಮಾಮಿನ ದಡಕ್ಕೆ ತಾನಾಗಿ ಬರಲಾರದು. 1940ರ ದಶಕದ ಕೊನೆಯಲ್ಲಿ ಆಧುನಿಕ ಬಂದರು ಕಟ್ಟಿದಾಗ, ಆಳದ ನೀರು ಸಿಗುವವರೆಗೆ ಹಲವು ಮೈಲಿ ಉದ್ದಕ್ಕೆ ಕಡಲೊಳಗೆ ದಾರಿ ಚಾಚಬೇಕಾಯಿತು. ಇನ್ನು ಕೊಲ್ಲಿಗಿರುವ ಬಾಗಿಲು ಒಂದೇ: ಹಾರ್ಮುಝ್ ಜಲಸಂಧಿ. ಅದರ ಅತಿ ಕಿರಿದಾದ ಭಾಗದ ಅಗಲ ಸುಮಾರು 33 ಕಿಲೋಮೀಟರ್. ಹೋಗುವ ಹಡಗುಗಳಿಗೆ ಎರಡು ಮೈಲಿ, ಬರುವ ಹಡಗುಗಳಿಗೆ ಎರಡು ಮೈಲಿ ಅಗಲದ ಪಥ. ದಮ್ಮಾಮ್‌ಗೆ ಆ ಬಾಗಿಲು ಕಣ್ಣಿಗೂ ಕಾಣದಷ್ಟು ದೂರ.

ಬಾಗಿಲು ಹಿಡಿದವನು ಒಳಗಿನ ಇಡೀ ವ್ಯಾಪಾರವನ್ನೇ ಹಿಡಿಯುತ್ತಾನೆಂಬುದನ್ನು ಕನ್ನಡನಾಡು ಬಹಳ ಹಿಂದೆಯೇ ಕಂಡಿತ್ತು, ಅದೂ ಕುದುರೆಗಳ ಮೂಲಕ. ದಮ್ಮಾಮಿನ ನೆರೆಯ ಕತೀಫ್ ಮತ್ತು ಒಳನಾಡಿನ ಅಲ್ ಹಸಾದ ಕುದುರೆಗಳು ಹಡಗೇರಿ ದಕ್ಷಿಣ ಭಾರತಕ್ಕೆ ಬರುತ್ತಿದ್ದವೆಂದು ಪರ್ಷಿಯನ್ ಇತಿಹಾಸಕಾರ ವಸ್ಸಾಫ್ ದಾಖಲಿಸಿದ್ದಾನೆ. ಮುಂದೆ ವಿಜಯನಗರದ ಕುದುರೆಪಡೆಗೆ ಭಟ್ಕಳವೇ ಮುಖ್ಯ ಇಳಿದಾಣಗಳಲ್ಲೊಂದಾಯಿತು. ಪೋರ್ಚುಗೀಸರ ಅಲ್ಬುಕರ್ಕ್ 1510ರಲ್ಲಿ ಗೋವೆಯನ್ನೂ 1515ರಲ್ಲಿ ಹಾರ್ಮುಝನ್ನೂ ಹಿಡಿದ. ಗೋವೆಯ ಮೇಲೆ ಬೀಳುವಂತೆ ಅವನನ್ನು ಪ್ರೇರೇಪಿಸಿದವರಲ್ಲಿ ಹೊನ್ನಾವರದ ತಿಮೋಜನೂ ಒಬ್ಬ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ವ್ಯಾಪಾರದ ಎರಡೂ ತುದಿ ಒಬ್ಬರದೇ ಆದಾಗ ಕುದುರೆಗಳು ಗೋವೆಯ ಪಾಲಾದವು. 1547ರ ಒಪ್ಪಂದದಲ್ಲಿ ಸದಾಶಿವರಾಯನ ವಿಜಯನಗರ ಕುದುರೆಗಾಗಿ ಪೋರ್ಚುಗೀಸರೊಂದಿಗೆ ಕರಾರಿಗೆ ಕೂರಬೇಕಾಯಿತು. ಲಕ್ಷಗಟ್ಟಲೆ ಕಾಲಾಳುಗಳಿದ್ದ ಸಾಮ್ರಾಜ್ಯ ಅದು. ಪೋರ್ಚುಗೀಸರಿಗೆ ಸಾಟಿಯಾಗುವ ಹಡಗುಪಡೆ ಮಾತ್ರ ಇರಲಿಲ್ಲ. ಇತ್ತ ಕತೀಫಿನ ಕೋಟೆ 1550ರಲ್ಲಿ ಒಟ್ಟೊಮನ್ನರ ಕೈಗೆ ಹೋದರೆ, ಮರುವರ್ಷವೇ ಹಾರ್ಮುಝ್‌ನಿಂದ ಬಂದ ಪೋರ್ಚುಗೀಸರು ಅದನ್ನು ಕೆಡವಿದರು. ಮಾರುವವನಿಗೂ ಕೊಳ್ಳುವವನಿಗೂ ಕಟ್ಟಳೆ ಬರೆದವನು ನಡುವಿನವನು.

ಈ ಕಟ್ಟಳೆಗೆ ತಲೆಬಾಗದವನೊಬ್ಬ ದಮ್ಮಾಮಿನಲ್ಲಿಯೇ ಇದ್ದ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಕೋಟೆ ಕಟ್ಟಿಕೊಂಡಿದ್ದ ರಹಮಾ ಬಿನ್ ಜಾಬಿರ್. ಬ್ರಿಟಿಷ್ ದಾಖಲೆಗಳು ಅವನನ್ನು ಕಡಲ್ಗಳ್ಳನೆಂದು ಕರೆದರೂ ಬ್ರಿಟಿಷ್ ಹಡಗುಗಳ ತಂಟೆಗೆ ಅವನು ಬಹುಮಟ್ಟಿಗೆ ಹೋಗಲಿಲ್ಲ. ಅವನ ಹಗೆ ಇದ್ದದ್ದು ಬಹರೈನಿನ ಆಲ್ ಖಲೀಫಾ ಮನೆತನದ ಮೇಲೆ. 1826ರಲ್ಲಿ, ಕಣ್ಣು ಕಳೆದುಕೊಂಡ ಮುದುಕ, ಶತ್ರು ಹಡಗಿನೊಂದಿಗೆ ಹೆಣೆದುಕೊಂಡಾಗ ತನ್ನ ಹಡಗಿನ ಮದ್ದಿಗೆ ತಾನೇ ಬೆಂಕಿಯಿಟ್ಟು ಚಿಕ್ಕ ಮಗನೊಂದಿಗೆ ಸತ್ತ. ಜನಪದಕ್ಕೆ ಅವನು ವೀರ, ಕಂಪನಿ ಸರ್ಕಾರಕ್ಕೆ ದರೋಡೆಕೋರ. ನನ್ನ ಅಭಿಪ್ರಾಯದಲ್ಲಿ ಅವನು ಆ ತೀರದ ಕೊನೆಯ ಸ್ವತಂತ್ರ ಕಡಲಬಲ. ಆ ವೇಳೆಗೆ 1820ರ ಕಡಲ ಒಪ್ಪಂದಕ್ಕೆ ಕೊಲ್ಲಿಯ ಹಲವು ಶೇಖರು ಸಹಿ ಹಾಕಿಯಾಗಿತ್ತು. 1853ರ ಶಾಶ್ವತ ಶಾಂತಿಯೊಂದಿಗೆ ಕೊಲ್ಲಿ ಬ್ರಿಟನ್ನಿನ ಕೆರೆಯಾಯಿತು. ಆದರೂ 1866ರಲ್ಲಿ ಬ್ರಿಟಿಷ್ ಯುದ್ಧನೌಕೆ ಹೈಫ್ಲೈಯರ್ ದಮ್ಮಾಮ್ ಕೋಟೆಗೆ ದೋಣಿಗಳಲ್ಲಿ ಜನ ಕಳಿಸಿದಾಗ ಆ ದಾಳಿ ಸೋತಿತು. ಆಳವಿಲ್ಲದ ನೀರು ದೊಡ್ಡ ಹಡಗುಗಳಿಗೆ ಅಡ್ಡಿಯಾಗಿದ್ದೇ ಕೋಟೆಯವರಿಗೆ ಕಾವಲೂ ಆಗಿತ್ತು.

1938ರ ಮಾರ್ಚ್‌ನಲ್ಲಿ ದಮ್ಮಾಮಿನ ಏಳನೆಯ ಬಾವಿಯಲ್ಲಿ ತೈಲ ಉಕ್ಕಿತು. 1939ರ ಮೇ 1ರಂದು ರಾಜ ಅಬ್ದುಲ್ ಅಜೀಝ್ ರಾಸ್ ತನೂರಾದಲ್ಲಿ ಕೊಳವೆಯ ಕೀಲು ತಿರುಗಿಸಿ ಮೊದಲ ಟ್ಯಾಂಕರ್ ತುಂಬಿಸಿದ. ಅಂದಿನಿಂದ ಬಾಗಿಲ ಪ್ರಶ್ನೆ ಹಿಂದೆಂದಿಗಿಂತ ಉಗ್ರವಾಯಿತು. ಇರಾನ್-ಇರಾಕ್ ಯುದ್ಧದ 'ಟ್ಯಾಂಕರ್ ಸಮರ'ದಲ್ಲಿ, 1984ರಿಂದ, ತೈಲಹಡಗುಗಳೇ ಗುರಿಯಾದವು. ಆ ವರ್ಷದ ಜೂನ್ 5ರಂದು ಇರಾನಿನ ಫೈಟರ್ ವಿಮಾನವನ್ನು ಕೊಲ್ಲಿಯ ಮೇಲೆ ಉರುಳಿಸಿದ್ದು ಸೌದಿ ವಾಯುಪಡೆ, ನೌಕಾಪಡೆಯಲ್ಲ. ಹಡಗುಗಳಿಗೆ ಬೆಂಗಾವಲು ಒದಗಿಸಲು 1987ರಲ್ಲಿ ಬಂದದ್ದು ಅಮೆರಿಕ. 1990-91ರಲ್ಲಿ ಮಿತ್ರಪಡೆಗಳ ಟ್ಯಾಂಕುಗಳು ಇಳಿದದ್ದು ದಮ್ಮಾಮಿನ ಬಂದರಿನಲ್ಲಿ. ಆ ಬಂದರು ಅಂದು ಪರರ ಕಡಲಬಲಕ್ಕೆ ಇಳಿದಾಣವಾಗಿತ್ತು.

ಸೌದಿಯ ಸ್ವಂತ ಉತ್ತರ ಬೇರೆಯೇ ಇತ್ತು. ಇರಾನ್-ಇರಾಕ್ ಯುದ್ಧ ನಡೆಯುತ್ತಿದ್ದಾಗಲೇ, 1980ರ ದಶಕದ ಆರಂಭದಲ್ಲಿ, ಅಬ್ಖೈಖ್‌ನಿಂದ ಕೆಂಪು ಸಮುದ್ರದ ಯಾನ್ಬುವಿಗೆ ಸುಮಾರು 1,200 ಕಿಲೋಮೀಟರ್ ಕೊಳವೆ ಹಾಕಿದರು. ದಿನಕ್ಕೆ 50 ಲಕ್ಷ ಬ್ಯಾರೆಲ್ ಸಾಗಿಸುವ ಅದರ ಸಾಮರ್ಥ್ಯವನ್ನು 2019ರಲ್ಲಿ ತಾತ್ಕಾಲಿಕವಾಗಿ 70 ಲಕ್ಷಕ್ಕೆ ಏರಿಸಲಾಯಿತು. 2024ರಲ್ಲಿ ಹಾರ್ಮುಝ್ ಮೂಲಕ ದಿನಕ್ಕೆ ಸುಮಾರು ಎರಡು ಕೋಟಿ ಬ್ಯಾರೆಲ್ ಸಾಗಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಾಗಿಲಿಗಾಗಿ ಬಡಿದಾಡುವ ಬದಲು ಹಿತ್ತಿಲ ಗೋಡೆ ಒಡೆದು ದಾರಿ ಮಾಡಿಕೊಂಡ ಹಾಗೆ. ಆದರೆ ಹಿತ್ತಿಲೂ ಸುರಕ್ಷಿತವಲ್ಲ. 2019ರ ಮೇ 14ರಂದು ಇದೇ ಕೊಳವೆಯ ಪಂಪಿಂಗ್ ಠಾಣೆಗಳ ಮೇಲೆ ಡ್ರೋನ್‌ಗಳು ಎರಗಿದವು. ಸೆಪ್ಟೆಂಬರ್ 14ರಂದು ಅಬ್ಖೈಖ್ ಮತ್ತು ಖುರೈಸ್‌ಗಳ ಮೇಲಿನ ದಾಳಿಯಿಂದ ದಿನಕ್ಕೆ 57 ಲಕ್ಷ ಬ್ಯಾರೆಲ್ ಉತ್ಪಾದನೆ, ಅಂದರೆ ದೇಶದ ಸುಮಾರು ಅರ್ಧ ಪಾಲು, ನಿಂತುಹೋಯಿತು. 2023ರ ನವೆಂಬರ್‌ನಿಂದ ಯೆಮನ್ನಿನ ಹೌತಿ ಬಂಡುಕೋರರು ಕೆಂಪು ಸಮುದ್ರದ ಹಡಗುಗಳನ್ನೇ ಬೆನ್ನಟ್ಟಿದಾಗ ಯಾನ್ಬುವಿಗೂ ಒಂದು ಬಾಗಿಲಿದೆ, ಅದರ ಹೆಸರು ಬಾಬ್ ಅಲ್ ಮಂದಬ್ ಎಂಬುದು ಎಲ್ಲರಿಗೂ ನೆನಪಾಯಿತು. ನೆಲದ ಉತ್ತರ ಅಪಾಯವನ್ನು ಹಂಚುತ್ತದೆ, ಅಳಿಸುವುದಿಲ್ಲ. ಹಂಚುವುದೂ ಸಣ್ಣ ಲಾಭವಲ್ಲ.

ಈಗ ಕಡಲಿನ ಈಚೆ ದಡ. ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆ 2005ರ ಮೇ 31ರಂದು ಸೇವೆಗೆ ಸೇರಿದಂದಿನಿಂದ ಕರ್ನಾಟಕದ ಕಡಲಬಲವೆಂದರೆ ಅದೇ ಎಂಬ ಭಾವನೆ ಬೇರೂರಿದೆ. ನೌಕಾಪಡೆಯ ಪಾತ್ರವನ್ನು ಕಿರಿದು ಮಾಡುವ ಉದ್ದೇಶ ನನ್ನದಲ್ಲ. 2019ರ ಜೂನ್‌ನಲ್ಲಿ ಓಮಾನ್ ಕೊಲ್ಲಿಯಲ್ಲಿ ಟ್ಯಾಂಕರ್‌ಗಳ ಮೇಲೆ ದಾಳಿಯಾದ ಕೆಲವೇ ದಿನಗಳಲ್ಲಿ ಭಾರತ 'ಆಪರೇಷನ್ ಸಂಕಲ್ಪ್' ಆರಂಭಿಸಿತು. 2021ರ ಆಗಸ್ಟ್‌ನಲ್ಲಿ ಐಎನ್‌ಎಸ್ ಕೊಚ್ಚಿ ದಮ್ಮಾಮಿನ ಉತ್ತರದ ಜುಬೈಲ್‌ಗೆ ಹೋಗಿ, ಸೌದಿಯೊಂದಿಗೆ ಮೊದಲ ಜಂಟಿ ನೌಕಾ ಕಸರತ್ತು ನಡೆಸಿತು. ಆದರೆ ಕೋವಿಡ್ಡಿನ ಎರಡನೇ ಅಲೆ ಕಲಿಸಿದ ಪಾಠ ಇದಕ್ಕಿಂತ ನೇರ. ಅದೇ ವರ್ಷದ ಏಪ್ರಿಲ್‌ನಲ್ಲಿ 80 ಟನ್ ದ್ರವ ಆಮ್ಲಜನಕ ದಮ್ಮಾಮಿನಿಂದ ಗುಜರಾತಿನ ಮುಂದ್ರಾದತ್ತ ಹೊರಟಿತು. ಮೇ 5ರಂದು ಐಎನ್‌ಎಸ್ ತಲ್ವಾರ್ ಬಹರೈನಿನಿಂದ 40 ಟನ್ ತಂದು ನವಮಂಗಳೂರು ಬಂದರಿನಲ್ಲಿ ಇಳಿಸಿತು. ಕರಾವಳಿಯ ಅಸಂಖ್ಯ ಮನೆಗಳ ಮಕ್ಕಳು ದಮ್ಮಾಮ್, ಖೋಬರ್, ಜುಬೈಲ್‌ಗಳಲ್ಲಿ ದುಡಿಯುತ್ತಾರೆ. ಈ ದಾರಿ ತೆರೆದಿರಬೇಕಾದದ್ದು ಅವರಿಗೆ ಬರಿಯ ವಿದೇಶಾಂಗ ನೀತಿಯ ಮಾತಲ್ಲ.

ಇಷ್ಟಿದ್ದೂ ಯುದ್ಧನೌಕೆ ಹಾರ್ಮುಝ್ ದಾಟಿಸಬಲ್ಲದು ಒಂದೆರಡು ಹಡಗನ್ನು, ದೇಶದ ತೈಲದ ಅಗತ್ಯವನ್ನಲ್ಲ. ಆ ಕೆಲಸಕ್ಕಿರುವುದು ನೆಲದಡಿಯ ಗುಹೆಗಳು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿದರೆ ದೇಶದ ಕಾಯ್ದಿಟ್ಟ ಕಚ್ಚಾ ತೈಲದ ಒಟ್ಟು ಜಾಗ 53.3 ಲಕ್ಷ ಟನ್. ಇದರಲ್ಲಿ ಮುಕ್ಕಾಲು ಪಾಲು ಕರ್ನಾಟಕದ ಬಂಡೆಯೊಳಗಿದೆ. 2020ರ ಏಪ್ರಿಲ್-ಮೇನಲ್ಲಿ ಬೆಲೆ ಕುಸಿದಾಗ ಈ ಗುಹೆಗಳನ್ನು ತುಂಬಿ 5,000 ಕೋಟಿ ರೂಪಾಯಿಗೂ ಹೆಚ್ಚು ಉಳಿಸಿದೆವೆಂದು ಕೇಂದ್ರ ಸರ್ಕಾರ ಹೇಳಿತು. ಆದರೆ ಪೂರ್ತಿ ತುಂಬಿದರೂ ಇವು ಸರ್ಕಾರದ್ದೇ ಲೆಕ್ಕದಂತೆ ಸುಮಾರು ಒಂಬತ್ತೂವರೆ ದಿನಗಳ ಅಗತ್ಯಕ್ಕೆ ಮಾತ್ರ ಸಾಕು. ಯಾನ್ಬುವಿನ ಕೊಳವೆ ಮಾರುವವನಿಗೆ ಏನೋ, ಪಾದೂರಿನ ಗುಹೆ ಕೊಳ್ಳುವವನಿಗೆ ಅದೇ: ಬಾಗಿಲು ಮುಚ್ಚಿದ ದಿನ ಉಸಿರಾಡಲು ಸಿಗುವ ಅವಕಾಶ.

ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ ಸಂಗ್ರಹದ ಎರಡನೇ ಹಂತಕ್ಕೆ ಕೇಂದ್ರ ಸಂಪುಟ 2021ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಬರಿಯ ಭೂಸ್ವಾಧೀನದ ತಕರಾರಾಗಿ ಅಥವಾ ಪೆಟ್ರೋಲಿಯಂ ಇಲಾಖೆಯ ಕಡತವಾಗಿ ನೋಡುವುದು ಸಾಲದು. ಜಮೀನು ಬಿಟ್ಟುಕೊಡುವ ಪಾದೂರಿನ ರೈತನಿಗೆ ಸಲ್ಲಬೇಕಾದ ಪರಿಹಾರವನ್ನು ಕಾರವಾರದ ಹಡಗುಕಟ್ಟೆಯ ವೆಚ್ಚದಂತೆಯೇ ದೇಶದ ಕಡಲ ರಕ್ಷಣೆಯ ಖರ್ಚೆಂದು ಲೆಕ್ಕಕ್ಕೆ ಹಿಡಿಯಬೇಕು.