ಪೊಟರೆಯಲ್ಲಿ ಸಿಕ್ಕಿದ ಉಡುಗೊರೆ

ಮನೆಯಿಂದ ಹೊರಗೆ ಬಾರದ ನೆರೆಯವನೊಬ್ಬ ತನ್ನ ಹೆಸರು ಕೇಳಿದರೇ ಹೆದರುವ ಮಕ್ಕಳಿಗಾಗಿ ಗೊಂಬೆ ಕೆತ್ತಿ, ಯಾರಿಗೂ ಕಾಣದಂತೆ ಮರದ ಪೊಟರೆಯಲ್ಲಿ ಇಟ್ಟು ಹೋಗುತ್ತಾನೆ. ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯಲ್ಲಿ ಬರುವ ಸಂಗತಿ ಇದು. 1960ರಲ್ಲಿ ಪ್ರಕಟವಾದ ಈ ಕೃತಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಇದು ಹೆಸರಾದದ್ದು ಕಪ್ಪು ಜನಾಂಗದವನೊಬ್ಬನ ಮೇಲಿನ ಸುಳ್ಳು ಮೊಕದ್ದಮೆಯ ಕಥೆಯಿಂದ. ಆದರೆ ಶಾಲೆಯವರಾದ ನಮ್ಮ ಗಮನ ಆ ಪೊಟರೆಯ ಕಡೆಗೇ ಹೋಗುತ್ತದೆ.

ಕಥೆಯ ಕಾಲ 1930ರ ದಶಕ. ಜೆಮ್ ಮತ್ತು ಅವನ ತಂಗಿ ಸ್ಕೌಟ್‌ಗೆ ಪೊಟರೆಯಲ್ಲಿ ಮೊದಲು ಸಿಕ್ಕಿದ್ದು ಚೂಯಿಂಗ್ ಗಮ್. ಆಮೇಲೆ ಹಳೆಯ ನಾಣ್ಯ, ನೂಲಿನ ಉಂಡೆ, ನಿಂತುಹೋದ ಗಡಿಯಾರ. ಸಾಬೂನಿನಲ್ಲಿ ಕೆತ್ತಿದ ಎರಡು ಗೊಂಬೆಗಳೂ ಸಿಕ್ಕವು. ಒಂದು ಹುಡುಗ, ಒಂದು ಹುಡುಗಿ, ಥೇಟ್ ಅವರಂತೆಯೇ! ಬೇಲಿಗೆ ಸಿಕ್ಕಿ ಹರಿದ ಜೆಮ್‌ನ ಚಡ್ಡಿಯನ್ನೂ ಯಾರೋ ಒರಟಾಗಿ ಹೊಲಿದು ಮಡಚಿಟ್ಟಿದ್ದರು. ಕೊಡುತ್ತಿದ್ದವನು ಬೂ ರ‍್ಯಾಡ್ಲಿ. ಒಂದು ದಿನ ಅವನ ಅಣ್ಣ, ಮರಕ್ಕೆ ರೋಗ ಬಂದಿದೆ ಎಂದು ಹೇಳಿ ಪೊಟರೆಯನ್ನು ಸಿಮೆಂಟಿನಿಂದ ಮುಚ್ಚಿಬಿಟ್ಟ. ಮರ ಚೆನ್ನಾಗಿಯೇ ಇತ್ತು.

ಇದು ಬರೀ ಕಲ್ಪನೆಯೇ? ಅಲ್ಲ. ಲೀ ಬೆಳೆದದ್ದು ಅಲಬಾಮಾ ರಾಜ್ಯದ ಮನ್ರೋವಿಲ್ ಎಂಬ ಪುಟ್ಟ ಊರಿನಲ್ಲಿ. ಅವರ ಬಾಲ್ಯದ ಗೆಳೆಯ ಟ್ರೂಮನ್ ಕಪೋಟೆ ಮುಂದೆ ದೊಡ್ಡ ಲೇಖಕರಾದರು. ಅಂಥ ಮನುಷ್ಯ ತಮ್ಮ ಬೀದಿಯಲ್ಲಿ ನಿಜವಾಗಿಯೂ ಇದ್ದನೆಂದೂ, ಅವನು ಮರದಲ್ಲಿಟ್ಟದ್ದನ್ನು ತಾವು ಮಕ್ಕಳು ಹೋಗಿ ತೆಗೆದುಕೊಳ್ಳುತ್ತಿದ್ದೆವೆಂದೂ ಕಪೋಟೆ ಹೇಳಿದ್ದಾರೆ. ತಂದೆಯೇ ಮಗನನ್ನು ಮನೆಯೊಳಗೆ ಇರಿಸಿಕೊಂಡಿದ್ದ ಮನೆ ಅದು.

ಕಾದಂಬರಿಯ ಕೊನೆಗೆ ಸ್ಕೌಟ್‌ಗೆ ಒಂದು ವಿಷಯ ಹೊಳೆದು ದುಃಖವಾಗುತ್ತದೆ. ಬೂ ಅಷ್ಟೆಲ್ಲ ಕೊಟ್ಟ, ಕೊನೆಗೆ ಜೀವವನ್ನೂ ಉಳಿಸಿದ. ಆದರೆ ಮಕ್ಕಳು ಆ ಪೊಟರೆಯಲ್ಲಿ ಅವನಿಗಾಗಿ ಒಮ್ಮೆಯೂ ಏನನ್ನೂ ಇಡಲಿಲ್ಲ.

ಈ ಮಾತು ನಮ್ಮ ಊರಿಗೂ ತಾಗುತ್ತದೆ. ಹೊರಗೆ ಬಾರದ ನೆರೆಯವರು ನಮ್ಮಲ್ಲಿಯೂ ಇದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಬಾಧಿತವೆಂದು ಗುರುತಿಸಲಾದ 11 ಪಂಚಾಯತುಗಳಲ್ಲಿ ಕುಂಬ್ಡಾಜೆಯೂ ಒಂದು. ಎಣ್ಮಕಜೆ, ಬೆಳ್ಳೂರು, ಬದಿಯಡ್ಕಗಳೂ ಇವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶಿಸಿತು. ಕೋರ್ಟು ಪರಿಹಾರ ಕೊಡಿಸಬಹುದು, ಗೆಳೆಯರನ್ನು ಕೊಡಿಸಲು ಆಗುತ್ತದೆಯೇ?

ಆ ಕೆಲಸ ಶಾಲೆಯದು. ಹಾಸಿಗೆ ಹಿಡಿದ ಮಕ್ಕಳ ಮನೆಗೇ ಅಧ್ಯಾಪಕರು ಹೋಗಿ ಕಲಿಸುವ ವ್ಯವಸ್ಥೆ ಕೇರಳದಲ್ಲಿದೆ. ಅದರ ಜೊತೆಗೆ ‘ಚಙ್ಙಾತಿಕ್ಕೂಟ್ಟಂ’, ಅಂದರೆ ಗೆಳೆಯರ ಕೂಟ, ಎಂಬ ಕಾರ್ಯಕ್ರಮವೂ ಇದೆ. ತರಗತಿಯ ಮಕ್ಕಳು ಉಡುಗೊರೆ ಹಿಡಿದು ಆ ಮನೆಗೆ ಹೋಗಿ, ಹಾಡಿ, ಆಡಿ ಬರುತ್ತಾರೆ.

ಉಡುಗೊರೆಯನ್ನು ಅಂಗಡಿಯಿಂದ ತರಬೇಕೆಂದಿಲ್ಲ. ತೆಂಗಿನ ಗರಿಯ ವಾಚು, ಪೀಪಿ, ಅಡಿಕೆ ಹಾಳೆಯ ಟೊಪ್ಪಿ ಮಾಡಲು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಹಾಗೆಯೇ ಒಳಗಿರುವ ಮಗು ಏನಾದರೂ ಮಾಡಿ ಕೊಟ್ಟರೆ, ಅದು ಒಂದು ಗೀಟು ಬಣ್ಣವೇ ಆಗಿರಲಿ, ತರಗತಿಯ ಗೋಡೆಯಲ್ಲಿ ಅದಕ್ಕೆ ಜಾಗವಿರಲಿ. ಮನೆಯೊಳಗೆ ಇರುವವರಿಗೆ ತೆಗೆದುಕೊಳ್ಳುವುದು ಮಾತ್ರ ಗೊತ್ತು ಎಂದು ನಾವು ತಿಳಿಯುತ್ತೇವೆ. ಅವರಿಗೂ ಕೊಡುವ ಆಸೆ ಇರುತ್ತದೆ ಎಂಬುದನ್ನು ಬೂ ತೋರಿಸಿದ್ದಾನೆ.

ವರ್ಷಕ್ಕೊಂದು ದಿನ ಹೋಗಿ ಫೋಟೋ ತೆಗೆದು ಬಂದರೆ ಸಾಲದು. ದಾರಿಯಲ್ಲಿ ಆ ಮನೆ ಸಿಕ್ಕಿದಾಗಲೆಲ್ಲ ಅಂಗಳದಿಂದ ಹೆಸರು ಹಿಡಿದು ಕರೆಯುವ ಒಬ್ಬ ಸಹಪಾಠಿಯಾದರೂ ಆ ಮಗುವಿಗೆ ಇರಬೇಕು.